ಸಕ್ಕರೆ ಅಚ್ಚು, ಶುಂಠಿ ಪೆಪ್ಪರಮಿಂಟು: ಮನೆಯಲ್ಲೇ ಅಚ್ಚು ಮಾಡ್ಕೊಳ್ಳೋದು ಹೇಗೆ?

ಕಬ್ಬಿನಗದ್ದೆ, ಮಂಡ್ಯ:
ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆಯೋ ಹಳೇ ಮರದ ಅಚ್ಚುಗಳಲ್ಲಿ ಎರಡು ಸೀಳು ಬಿಟ್ಟಿವೆ, ಪಾಕ ಸೋರುತ್ತೆ. ಅದೇ ಆನೆ, ಗೋಪುರದ ಆಕಾರಕ್ಕೆ ಹೊಸ ಅಚ್ಚು ಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತಾ? ಅದರಲ್ಲೇ ಶುಂಠಿ ಪೆಪ್ಪರಮಿಂಟೂ ಎರೆಯಬಹುದಾ?

ಉಳಿ-ಸುತ್ತಿಗೆ, ಮೈಸೂರು:
ಪ್ಲಾಸ್ಟರ್ ಬೇಡವೇ ಬೇಡ. ಅದರ ಮೈತುಂಬ ಸಣ್ಣ ರಂಧ್ರ. ಪಾಕ ಒಳಗಿಳಿದು ಕಚ್ಚಿಕೊಳ್ಳುತ್ತೆ, ಬಿಡಿಸುವಾಗ ಪ್ಲಾಸ್ಟರಿನ ಪುಡಿ ಸಕ್ಕರೆಗೆ ಅಂಟುತ್ತೆ. ತಿನ್ನೋ ಪದಾರ್ಥಕ್ಕೆ ಮಾಡಿದ್ದೂ ಅಲ್ಲ.

ಮೊದಲು ಹಳೇ ಅಚ್ಚನ್ನ ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ. ಮರ ಉಬ್ಬಿದರೆ ಕೂದಲೆಳೆ ಸೀಳು ತಾನೇ ಮುಚ್ಚುತ್ತೆ. ಆಮೇಲೂ ಸೋರಿದರೆ ಹೋಳುಗಳನ್ನ ರಬ್ಬರ್ ಬ್ಯಾಂಡಿನಿಂದ ಬಿಗಿದು, ಸಂದಿಗೆ ಹೊರಗಿಂದ ಗಟ್ಟಿ ಮೈದಾ ಹಿಟ್ಟು ಮೆತ್ತಿ. ಎಂ-ಸೀಲ್, ಫೆವಿಕಾಲ್ ಹಚ್ಚಬೇಡಿ.

ಹೊಸದಕ್ಕೆ ಚೆನ್ನಾಗಿ ಒಣಗಿದ ತೇಗ, 3 ಸೆಂ.ಮೀ. ದಪ್ಪದ ಎರಡು ಹೋಳು. ಬೇವು ಕಹಿ ಬಿಡುತ್ತೆ. ಹಲಸು ನೆನೆದಾಗ ಹಳದಿ ಬಣ್ಣ ಬಿಟ್ಟು ಬಿಳಿ ಸಕ್ಕರೆ ಅಚ್ಚನ್ನ ಕೆಡಿಸುತ್ತೆ. ಎರಡು ಮುಖ ಸೇರಿಸಿ ದೀಪದ ಮುಂದೆ ಹಿಡಿದರೆ ಬೆಳಕು ಕಾಣಬಾರದು, ಅಷ್ಟು ಸಮ ಹೆರೆಯಿರಿ. ಪ್ರತಿ ಹೋಳಲ್ಲಿ 8ರಿಂದ 10 ಮಿ.ಮೀ. ಆಳ ಸಾಕು. ಗೋಡೆ ಹೊರಕ್ಕೆ ಓರೆಯಾಗಿರಲಿ. ಆನೆಯ ಸೊಂಡಿಲಿನ ಕೆಳಗೆ ಉಳಿ ಒಳಕ್ಕೆ ಸರಿದು ಕೊಕ್ಕೆ ಬಿದ್ದರೆ, ಬಿಡಿಸುವಾಗ ಸೊಂಡಿಲು ಮುರಿಯೋದು ಖಂಡಿತ. ವಾರ್ನಿಷ್ ಹಚ್ಚಬೇಡಿ, ಮರ ನೀರು ಕುಡಿಯಲೇಬೇಕು. ಬಳಸಿದ ಮೇಲೆ ನೆರಳಲ್ಲಿ ಒಣಗಿಸಿ.

ಎರಕ:
ಕೆತ್ತನೆ ಬಾರದಿದ್ದರೆ ಸಿಲಿಕೋನ್. ಪ್ಲಾಟಿನಂ ಕ್ಯೂರ್ (ಪ್ಲಾಟಿನಂ ಬಳಸಿ ಗಟ್ಟಿಯಾಗೋದು), ಫುಡ್ ಗ್ರೇಡ್ ಅಂತ ಡಬ್ಬಿ ಮೇಲೆ ಇರಲೇಬೇಕು. ಕರಕುಶಲ ಅಂಗಡಿಯ ಅಗ್ಗದ ಟಿನ್ ಕ್ಯೂರ್ (ತವರ ಬಳಸಿ ಗಟ್ಟಿಯಾಗೋದು) ತಿಂಡಿಗಲ್ಲ. ಮಾದರಿಗೆ ಹಳೇ ಅಚ್ಚಲ್ಲಿ ಎರೆದು ಪೂರ್ತಿ ಒಣಗಿಸಿದ ಸಕ್ಕರೆ ಆನೆಯೇ ಸಾಕು.

ಗಂಧಕವಿಲ್ಲದ ಕ್ಲೇಯಲ್ಲಿ ಆನೆಯನ್ನ ಅರ್ಧ ಹೂತು, ಸುತ್ತ ನಾಲ್ಕು ಕಡೆ ಬಟಾಣಿಯಷ್ಟು ಗುಳಿ ಒತ್ತಿ. ಎರಡು ಹೋಳು ಕೂರೋಕೆ ಅದೇ ಗುರುತು. ಪಾದದ ಕಡೆ 12 ಮಿ.ಮೀ. ಅಗಲದ ಬಾಯಿ ಬಿಡಿ. ಸಿಲಿಕೋನಿನ ಎ, ಬಿ ಅನ್ನೋ ಎರಡು ಭಾಗಗಳನ್ನ ಡಬ್ಬಿಯಲ್ಲಿ ಹೇಳಿದ ಅಳತೆಗೆ ಕಲಸಿ, ಒಂದು ಮೂಲೆಯಿಂದ ಸಣ್ಣ ಧಾರೆಯಾಗಿ ಸುರಿದರೆ ಗುಳ್ಳೆ ಕಡಿಮೆ. ಗಟ್ಟಿಯಾದ ಮೇಲೆ ಮಗುಚಿ, ಕ್ಲೇ ತೆಗೆದು, ಸಿಲಿಕೋನ್ ಮುಖಕ್ಕೆ ವ್ಯಾಸಲಿನ್ ತೆಳ್ಳಗೆ ಸವರಿ ಇನ್ನರ್ಧ ಸುರಿಯಿರಿ. ವ್ಯಾಸಲಿನ್ ಮರೆತರೆ ಎರಡೂ ಒಂದೇ ಮುದ್ದೆ. ಕೊನೆಗೆ ಸೋಪಿನಲ್ಲಿ ತೊಳೆಯಿರಿ.

ಮೇಲ್ಮೈ ಜಿಗುಟಾಗಿಯೇ ಉಳಿದರೆ ಕ್ಲೇಯ ಗಂಧಕ ಇಲ್ಲವೇ ಲೇಟೆಕ್ಸ್ ಕೈಗವಸು ಕಾರಣ. ಎಷ್ಟು ದಿನ ಕಾದರೂ ಅದು ಸರಿಹೋಗಲ್ಲ.

ಪಾಕಶಾಲೆ, ಮೈಸೂರು:
ಪಾಕ ಯಾವುದೋ ಅದಕ್ಕೆ ತಕ್ಕ ಅಚ್ಚು. ಸಕ್ಕರೆ ಅಚ್ಚಿನದು ಹರಳುಗಟ್ಟೋ ಪಾಕ, ಅದಕ್ಕೆ ಒದ್ದೆ ಮರವೇ ಚೆಂದ. 1 ಕೆಜಿ ಸಕ್ಕರೆಗೆ 300 ಮಿ.ಲೀ. ನೀರು, ಕುದಿ ಬಂದಾಗ 2 ಚಮಚ ಹಾಲು ಹಾಕಿ ಕೊಳೆ ತೆಗೆದು ಸೋಸಿ. ಒಂದೊಂದೇ ಲೋಟ ಪಾಕ ಕಾಯಿಸಿ, ತಿರುವುತ್ತಾ ಅಂಚಲ್ಲಿ ಬಿಳಿ ಕಟ್ಟಿದ ಕೂಡಲೇ ಎರೆಯಿರಿ. ನಿಂಬೆರಸ ಜಾಸ್ತಿಯಾದರೆ ಹರಳೇ ಕಟ್ಟಲ್ಲ.

ಪೆಪ್ಪರಮಿಂಟು ಗಾಜಿನಂಥ ಪಾಕ, ಒಣ ಸಿಲಿಕೋನೇ ಬೇಕು. 400 ಗ್ರಾಂ ಸಕ್ಕರೆ, 130 ಗ್ರಾಂ ಲಿಕ್ವಿಡ್ ಗ್ಲೂಕೋಸ್, 100 ಮಿ.ಲೀ. ನೀರು. ಪುಸ್ತಕದಲ್ಲಿ 150 ಡಿಗ್ರಿ ಅಂತಿದ್ದರೂ ಮೈಸೂರಿನ ಎತ್ತರದಲ್ಲಿ ನೀರು ಸುಮಾರು 97.5ಕ್ಕೇ ಕುದಿಯುತ್ತೆ, ಹಾಗಾಗಿ 147ಕ್ಕೇ ಇಳಿಸಿ. ಶುಂಠಿ ರಸದ ನೀರು ಪಾಕ ಮೆತ್ತಗೆ ಮಾಡುತ್ತೆ; ಒಣ ಶುಂಠಿ ಪುಡಿಯನ್ನ ಇಳಿಸಿದ ಮೇಲೆ ಸೇರಿಸಿ. ಅಚ್ಚಲ್ಲಿ ಒಂದು ಹನಿ ನೀರಿದ್ದರೂ ಪಾಕ ಸಿಡಿಯುತ್ತೆ, ಕೈ ಸುಟ್ಟೀತು. ಆ ಜಾಗ ಗುಳಿಬಿದ್ದು ಅಂಟುತ್ತೆ ಕೂಡ.

ಕಬ್ಬಿನಗದ್ದೆ, ಮಂಡ್ಯ:
ಸಕ್ಕರೆ ಬದಲು ಇಲ್ಲಿಯ ಬೆಲ್ಲದಲ್ಲಿ ಅಚ್ಚು ಎರೆದರೆ?

ಪಾಕಶಾಲೆ, ಮೈಸೂರು:
ಬರೀ ಬೆಲ್ಲದಲ್ಲಿ ಆನೆ ನಿಲ್ಲಲ್ಲ. ಬೆಲ್ಲದಲ್ಲಿ ಒಡೆದ ಸಕ್ಕರೆ, ಅಂದರೆ ಗ್ಲೂಕೋಸು ಫ್ರಕ್ಟೋಸು, ಇರೋದರಿಂದ ಹರಳು ಸರಿಯಾಗಿ ಕಟ್ಟಲ್ಲ, ಗಾಳಿಯ ತೇವವನ್ನೂ ಎಳ್ಕೊಳ್ಳುತ್ತೆ. ಬಣ್ಣಕ್ಕೆ ಬೇಕಿದ್ದರೆ ಕಿಲೋ ಸಕ್ಕರೆಗೆ 50 ಗ್ರಾಂ ಬೆಲ್ಲ ಹಾಕಿ, ಮೊದಲು ಚಿಕ್ಕ ಅಚ್ಚಲ್ಲಿ ಎರೆದು ನೋಡಿ.