‘ಮಾನ್‌ಸ್ಟರ್’ಗೆ ‘ರಾಕ್ಷಸ’ ಸಲ್ಲುವುದೇ? ‘ಪೆಡಂಭೂತ’ದ ‘ಪೆಡ’ ಯಾವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಮನೆಯಲ್ಲಿ ಅಕ್ಕನ ಮಕ್ಕಳು ರಜೆಯ ದಿನಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಪಾತ್ರ ವಹಿಸಿ, ದಾಳ ಉರುಳಿಸಿ ಆಡುತ್ತಾರೆ. 1974ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ಈ ಆಟದ ನಿಯಮಗಳನ್ನು ಅವರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಆಟಗಾರರಿಗೆ ಎದುರಾಗುವ ಜೀವಿಗಳಿಗೆಲ್ಲ ಅಲ್ಲಿ ‘ಮಾನ್‌ಸ್ಟರ್’ ಎಂಬ ಒಂದೇ ಹೆಸರಿದೆ. ಮೊದಲು ‘ರಾಕ್ಷಸ’ ಎಂದು ಬರೆದೆ. ಹತ್ತು ಪುಟ ದಾಟುವಷ್ಟರಲ್ಲಿ ಅದು ಸಲ್ಲದೆಂದು ತಿಳಿಯಿತು.

‘ರಾಕ್ಷಸ’ ಎಂಬ ಹೆಸರಿನದೇ ಒಂದು ಜೀವಿ ಆ ಆಟದಲ್ಲಿದೆ ಎಂಬುದು ಮೊದಲ ತೊಡಕು. 1977ರ ಜೀವಿಗಳ ಕೈಪಿಡಿಯಲ್ಲಿ ಅದರ ಚಿತ್ರಕ್ಕೆ ಹುಲಿಯ ತಲೆಯಿದೆ. ಸುಂದರಕಾಂಡದಲ್ಲಿ ಸೀತೆಯ ಕಾವಲಿಗಿದ್ದ ರಾಕ್ಷಸಿಯರಲ್ಲಿ ಪ್ರಾಣಿಮುಖದವರು ಇದ್ದಾರೆ ನಿಜ, ಆದರೆ ಇಡೀ ಕುಲಕ್ಕೆ ಒಂದೇ ಮುಖವನ್ನು ವಾಲ್ಮೀಕಿ ಕೊಟ್ಟಿಲ್ಲ.

ಎರಡನೆಯ ತೊಡಕು ಇನ್ನೂ ಆಳದ್ದು. ದಿತಿಯ ಮಕ್ಕಳು ದೈತ್ಯರು, ದನುವಿನ ಮಕ್ಕಳು ದಾನವರು ಎಂದಂತೆ ನಮ್ಮಲ್ಲಿ ಇವೆಲ್ಲ ಹುಟ್ಟಿನಿಂದ ಬಂದ ಕುಲದ ಹೆಸರುಗಳು. ಈ ಕುಲಗಳವರು ಮಾತನಾಡುತ್ತಾರೆ, ತಪಸ್ಸು ಮಾಡುತ್ತಾರೆ, ಬಂಧುತ್ವ ಬೆಳೆಸುತ್ತಾರೆ. ಗುಹಾಸುರ ಪಡೆದ ವರದಿಂದಾಗಿ ಹರಿ ಮತ್ತು ಹರ ಒಂದೇ ದೇಹ ತಾಳಬೇಕಾಯಿತೆಂಬುದು ನಮ್ಮ ಹರಿಹರದ ಸ್ಥಳಪುರಾಣ. ಚಿತ್ರದುರ್ಗದ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿಯೇ ಇದೆ; ಹಿಡಿಂಬನ ಹಲ್ಲೆಂದು ಹೇಳುವ ವಸ್ತುವೊಂದು ಅಲ್ಲಿದೆ, ಆತನ ತಂಗಿ ಭೀಮನ ಕೈಹಿಡಿದವಳು. ಹೀಗೆ ಗುಡಿಯೂ ನೆಂಟಸ್ತಿಕೆಯೂ ಉಳ್ಳವರ ಹೆಸರನ್ನು, ಹತ್ತು ಅಡಿ ಅಗಲದ ಓಣಿಯನ್ನು ತುಂಬಿಕೊಂಡು ಸರಿಯುವ, ಆ ಆಟದ ಇನ್ನೊಂದು ಜೀವಿಯಾದ ಮಿದುಳಿಲ್ಲದ ಅಂಟುಮುದ್ದೆಗೆ ಹೇಗೆ ಕೊಡುವುದು? ಆ ಮುದ್ದೆ ಯಾವ ಪುರಾಣದಿಂದಲೂ ಬಂದದ್ದಲ್ಲ; ಆಟದ ನಕ್ಷೆಯ ಚೌಕಕ್ಕೆ ಸರಿಯಾಗಿ ಕೂರುವಂತೆ ಕಲ್ಪಿಸಿದ್ದು.

ಲ್ಯಾಟಿನ್ ಮೂಲದಲ್ಲಿ ‘ಮಾನ್‌ಸ್ಟರ್’ ಎಂದರೆ ಎಚ್ಚರಿಸುವ ಅಪಶಕುನ. ಆ ಅರ್ಥಕ್ಕೆ ನಮ್ಮ ‘ಉತ್ಪಾತ’ ತೀರ ಹತ್ತಿರವಾಗಿದ್ದರೂ ‘ಮೂರು ಉತ್ಪಾತಗಳು ಗುಹೆಯಿಂದ ಹೊರಬಂದವು’ ಎಂದರೆ ಓದುಗನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಘೋರಜೀವಿ’ ಎಂಬುದು ಶಾಲೆಯ ಪಾಠದಂತೆ ಕೇಳುತ್ತದೆ. ಕೊನೆಗೆ ಉಳಿದದ್ದು ‘ಪೆಡಂಭೂತ’. ಕುಲದ ಹಂಗಿಲ್ಲದ, ಆಕಾರದಿಂದಲೇ ಅಂಜಿಸುವ ಮಾತು. ನನ್ನ ಮನಸ್ಸು ಇದರ ಕಡೆಗೇ ಇದೆ.

ಆದರೆ ಇದರ ‘ಪೆಡ’ ಯಾವುದು? ಹೆಡತಲೆ, ಹೆಡಮುರಿಗಳಲ್ಲಿ ಉಳಿದಿರುವ, ಹಿಂಬದಿ ಎಂಬ ಅರ್ಥದ ಹಳಗನ್ನಡದ ‘ಪೆಡ’ವೇ? ಹಾಗಾದರೆ ದೆವ್ವದ ಪಾದ ಹಿಂದುಮುಂದಾಗಿರುತ್ತದೆಂಬ ನಮ್ಮ ಜನರ ನಂಬಿಕೆಗೆ ಅದು ಹೊಂದುತ್ತದೆ. ಈಗಿನ ಆವೃತ್ತಿಗಳಲ್ಲಿ ಆಟದ ‘ರಾಕ್ಷಸ’ನಿಗೂ ಅಂಗೈಗಳು ಹಿಂದುಮುಂದಾಗಿವೆ. ಅಥವಾ ಗಡುಸು ಎಂಬ ಅರ್ಥದ ‘ಪೆಡಸು’ ಇದರ ಮೂಲವೇ? ಪಕಾರವು ಹಕಾರವಾಗಿ ‘ಹೆಡಂಭೂತ’ ಎಂದೇಕೆ ಆಗಲಿಲ್ಲ? ಪದ ತೆಲುಗಿನ ಕಡೆಯಿಂದ ಬಂದಿರಬಹುದೇ? ತೆಲುಗು ಮಾತು ಕಿವಿಗೆ ಬೀಳುವ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಸದಸ್ಯರು, ತಮ್ಮ ಮನೆಯ ಹಿರಿಯರು ಈ ಪದವನ್ನು ಬಳಸುವುದುಂಟೇ, ಉಂಟಾದರೆ ಯಾವುದನ್ನು ಕುರಿತು ಎಂಬುದನ್ನು ಅವರ ವಾಕ್ಯದಲ್ಲಿಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.