ಸಹಾಯ ಬೇಕು: ಕೀಲಿ ಕೊಟ್ಟು ನುಡಿಸುವ ಈ ಹಳೆಯ ಗ್ರಾಮೋಫೋನ್ ಯಾವ ಕಂಪನಿಯದು?

ಎಲ್ಲರಿಗೂ ನಮಸ್ಕಾರ. ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾದ ಗ್ರಾಮೋಫೋನ್ ಒಂದು ನನ್ನ ಬಳಿಯಿದೆ. ಚೆನ್ನಾಗಿಯೇ ಹಾಡುತ್ತದೆ, ಆದರೆ ಅದರ ಕುಲಗೋತ್ರ ಮಾತ್ರ ಪತ್ತೆಯಾಗುತ್ತಿಲ್ಲ.

ಮುಚ್ಚಳದ ಒಳಗೆ ಕಂಪನಿಯ ಗುರುತು ಇದ್ದ ಜಾಗದಲ್ಲಿ ಅಂಡಾಕಾರದ ಗೋಂದಿನ ಕಲೆಯಷ್ಟೇ ಉಳಿದಿದೆ. ತಟ್ಟೆ ಎತ್ತಿ, ಹಲಗೆ ಬಿಚ್ಚಿ ನೋಡಿದೆ. ಮೋಟರಿನ ಚೌಕಟ್ಟಿನ ಮೇಲೆ 'ಥೋರೆನ್ಸ್' ಎಂಬ ಸ್ವಿಸ್ ಕಂಪನಿಯ ಅಚ್ಚಿದೆ; ಸ್ಪ್ರಿಂಗ್ ಡಬ್ಬಿ ಒಂದೇ. ಹಾಗಾದರೆ ಸ್ವಿಟ್ಜರ್ಲೆಂಡಿನದು ಎಂದುಕೊಳ್ಳೋಣವೆಂದರೆ, ಆ ಕಂಪನಿ ತನ್ನ ಮೋಟರುಗಳನ್ನು ಬೇರೆ ತಯಾರಕರಿಗೂ ಮಾರುತ್ತಿತ್ತು. ಸಾಲದ್ದಕ್ಕೆ ವೇಗ ಹೊಂದಿಸುವ ಸಣ್ಣ ಹಿಡಿಯ ಪಕ್ಕ 'ಫಾಸ್ಟ್', 'ಸ್ಲೋ' ಎಂದು ಇಂಗ್ಲಿಷಿನಲ್ಲಿ ಕೆತ್ತಿದೆ. ಸೂಜಿ ಹಿಡಿದು ದನಿ ಹೊರಡಿಸುವ ಸೌಂಡ್‌ಬಾಕ್ಸಿನ ಮೇಲೆ ಹೆಸರೇ ಇಲ್ಲ. ಅದು ಸುಲಭವಾಗಿ ಕಳಚಿ ಬರುವ ಭಾಗವಾದ್ದರಿಂದ ಯಾರೋ ನಡುವೆ ಬದಲಿಸಿದ್ದರೂ ಆಶ್ಚರ್ಯವಿಲ್ಲ.

1931ರಲ್ಲಿ ಬಂದ ಎಚ್‌ಎಂವಿ 102 ಎಂಬ ಒಯ್ಯಬಹುದಾದ ಮಾದರಿಯ ಚಿತ್ರಗಳೊಂದಿಗೆ ಹೋಲಿಸಿ ನೋಡಿದೆ. ಸೌಂಡ್‌ಬಾಕ್ಸನ್ನು ಹೊತ್ತ ಕೊಳವೆಯ, ಅಂದರೆ ಟೋನ್‌ಆರ್ಮ್‌ನ, ಬಾಗು ಹೊಂದುವುದಿಲ್ಲ. ಅಂಗಡಿಯವರನ್ನು ಕೇಳಿದರೆ ನೋಡುವ ಮೊದಲೇ "ಎಚ್‌ಎಂವಿಯೇ" ಎನ್ನುತ್ತಾರೆ. ಅವರ ಪಾಲಿಗೆ ಕೀಲಿ ಇರುವುದೆಲ್ಲವೂ ಎಚ್‌ಎಂವಿ! ತಿರುಪುಗಳೆಲ್ಲ ಒಂದೇ ಸೀಳಿನವು. ಕೂಡು ಗುರುತಿನ ತಿರುಪು ಒಂದೂ ಇಲ್ಲದ್ದರಿಂದ ಈಚಿನ ನಕಲಿಯಲ್ಲ ಎಂಬ ನಂಬಿಕೆ ನನ್ನದು.

ತಿಳಿದವರು ದಯವಿಟ್ಟು ಹೇಳಿ: ಪೆಟ್ಟಿಗೆಯನ್ನು ಜೋಡಿಸಿದ ಕಂಪನಿ, ದೇಶ ಮತ್ತು ಮಾದರಿಯನ್ನು ಖಚಿತಪಡಿಸಲು ಮೋಟರನ್ನು ಬಿಟ್ಟು ಇನ್ನಾವ ಭಾಗವನ್ನು ನೋಡಬೇಕು? ಸರಣಿ ಸಂಖ್ಯೆಯನ್ನು ಸಾಮಾನ್ಯವಾಗಿ ಎಲ್ಲಿ ಒತ್ತಿರುತ್ತಾರೆ?