ತಣ್ಣನೆ ಚಹಾ ಮಬ್ಬಾಗುತ್ತದೆ, ಚಿಯಾ ಬೀಜ ಗಂಟು ಕಟ್ಟುತ್ತದೆ: ಏನು ಮಾಡಲಿ?

ಪ್ರಶ್ನೆ (ರಾಯಚೂರಿನಿಂದ)

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಮಧ್ಯಾಹ್ನದ ಬಿಸಿ ಚಹಾವನ್ನು ಯಾರೂ ಮುಟ್ಟುವುದಿಲ್ಲ. ಮಾವನವರು ಎಪಿಎಂಸಿಯಿಂದ ಬಂದವರೇ ತಣ್ಣಗಿನದ್ದು ಏನಾದರೂ ಕೇಳುತ್ತಾರೆ. ಅಂಗಡಿಯ ಬಾಟಲಿ ಪಾನೀಯ ಕೊಡಲು ನನಗೆ ಮನಸ್ಸಿಲ್ಲ. ಹಾಲಿಲ್ಲದ ಚಹಾಕ್ಕೆ ನಿಂಬೆ ಹಿಂಡಿ, ಚಿಯಾ ಬೀಜ ಹಾಕಿ ಕೊಡುತ್ತೇನೆ. ಆದರೆ ಕುದಿಸಿ ಸೋಸಿದ ಚಹಾ ಫ್ರಿಜ್ಜಿಗೆ ಹೋದ ಮೇಲೆ ಸುಣ್ಣ ಕಲಸಿದ ನೀರಿನಂತೆ ಮಬ್ಬಾಗುತ್ತದೆ. ಬೀಜ ಲೋಟದ ತಳದಲ್ಲಿ ಗಂಟಾಗಿ ಕೂರುತ್ತದೆ. ನಮ್ಮದು ಬೋರ್‌ವೆಲ್ ನೀರು. ಸಬ್ಜಾ, ಚಿಯಾ ಎರಡೂ ಒಂದೇ ಎಂದು ಕಿರಾಣಿ ಅಂಗಡಿಯವರು ಹೇಳುತ್ತಾರೆ. ನಿಜವೇ?

ಉತ್ತರ (ಸಿಂಧನೂರಿನಿಂದ)

ಒಂದೇ ಅಲ್ಲ. ಸಬ್ಜಾ ಎಂದರೆ ಕಾಮಕಸ್ತೂರಿ ಬೀಜ, ರಂಜಾನ್ ತಿಂಗಳಲ್ಲಿ ಫಲೂದಾಕ್ಕೆ ಹಾಕುವುದು ಅದನ್ನೇ. ಬಣ್ಣ ಅಚ್ಚ ಕಪ್ಪು, ನೆನೆಯಲು ಕೆಲವೇ ನಿಮಿಷ ಸಾಕು. ಚಿಯಾ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಬೆಳೆ. ಈಗ ಮೈಸೂರು ಭಾಗದಲ್ಲಿಯೂ ಬೆಳೆಯುತ್ತಾರೆ. ಬೂದು, ಕಂದು, ಬಿಳಿ ಬೆರೆತ ಚುಕ್ಕೆಯ ಬೀಜ ಅದು. ಚೆನ್ನಾಗಿ ನೆನೆಯಲು ಅರ್ಧ ಗಂಟೆ ಬೇಕು.

ಉತ್ತರ (ಕೊಪ್ಪಳದಿಂದ)

ಅಕ್ಕಾ, ಮೊದಲು ನೀರು ಬದಲಿಸಿ. ಗಡಸು ನೀರಿನ ಸುಣ್ಣದಂಶ ಚಹಾದ ಬಣ್ಣವನ್ನು ಮಂಕಾಗಿಸಿ ಮೇಲೆ ಕೆನೆಯಂತಹ ಪದರ ಕಟ್ಟುತ್ತದೆ. ಫಿಲ್ಟರ್ ನೀರಿನಲ್ಲಿ ಮಾಡಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಉಳಿದರ್ಧಕ್ಕೆ ಕಾರಣ, ಗಾಢವಾದ ಡಿಕಾಕ್ಷನ್ ತಣ್ಣಗಾದಾಗ ಅದರ ಒಗರು ಮತ್ತು ಕೆಫೀನ್ ಒಂದಕ್ಕೊಂದು ಅಂಟಿಕೊಳ್ಳುವುದು. ಮಬ್ಬಾದ ಚಹಾಕ್ಕೆ ಸ್ವಲ್ಪ ಕುದಿಯುವ ನೀರು ಬೆರೆಸಿದರೆ ತಿಳಿಯಾಗುತ್ತದೆ.

ನಾನು ಬೇಸಿಗೆಯಲ್ಲಿ ಚಹಾ ಕುದಿಸುವುದೇ ಇಲ್ಲ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ನಾಲ್ಕು ಚಮಚ ಎಲೆ ಚಹಾ ಹಾಕಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೆಳಿಗ್ಗೆ ಸೋಸಿದರೆ ಕಹಿಯಿಲ್ಲದ, ಕನ್ನಡಿಯಷ್ಟು ತಿಳಿಯಾದ ಚಹಾ. ಪುಡಿ ಚಹಾ ಬೇಡ, ತಳದಲ್ಲಿ ಗಸಿ ಉಳಿಯುತ್ತದೆ. ಸಕ್ಕರೆ ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ. ಬೆಲ್ಲವನ್ನು ಬಿಸಿ ನೀರಿನಲ್ಲಿ ಕರಗಿಸಿ, ಸೋಸಿ ಇಟ್ಟುಕೊಳ್ಳಿ. ಬೆಲ್ಲದ ರುಚಿಗೆ ಎರಡು ಎಲೆ ಪುದೀನ ಸೇರಿದರೆ ಅದರ ಸೊಗಸೇ ಬೇರೆ.

ಬೀಜವನ್ನು ಬೇರೆಯೇ ನೆನೆಸಿ. ಒಂದು ದೊಡ್ಡ ಚಮಚಕ್ಕೆ ಒಂದು ಲೋಟ ನೀರು. ಹಾಕಿದ ತಕ್ಷಣ ಕಲಕಿ, ಐದು ನಿಮಿಷ ಬಿಟ್ಟು ಮತ್ತೆ ಕಲಕಿ. ಎಷ್ಟೋ ಜನ ಈ ಎರಡನೆಯ ಕಲಕುವಿಕೆಯನ್ನು ಬಿಡುತ್ತಾರೆ, ಗಂಟು ಆಗುವುದು ಅಲ್ಲಿಯೇ. ತನ್ನ ತೂಕದ ಸುಮಾರು ಹತ್ತು ಪಟ್ಟು ನೀರು ಹೀರುವ ಬೀಜ ಇದು. ಹಾಗಾಗಿ ಒಣ ಬೀಜವನ್ನು ನೇರವಾಗಿ ಬಾಯಿಗೆ ಹಾಕಿ ನೀರು ಕುಡಿಯಬಾರದು. ಮಾವನವರಿಗೆ ನುಂಗಲು ತೊಂದರೆ ಇದ್ದರೆ ಚಿಯಾ ಬಿಟ್ಟು ಚಹಾ ಮಾತ್ರ ಕೊಡಿ.

ಪ್ರಶ್ನೆ ಕೇಳಿದವರು

ನುಂಗಲು ಅವರಿಗೆ ಏನೂ ತೊಂದರೆಯಿಲ್ಲ. ನೆನೆಸಿದ ಬೀಜವನ್ನು ಎಷ್ಟು ದಿನ ಇಡಬಹುದು? ಊಟದ ಜೊತೆಯೇ ಚಹಾ ಕೊಡಬಹುದೇ?

ಉತ್ತರ (ಕೊಪ್ಪಳದಿಂದ)

ಮುಚ್ಚಿದ ಡಬ್ಬದಲ್ಲಿ, ಫ್ರಿಜ್ಜಿನೊಳಗೆ ಮೂರು ದಿನ. ಕರೆಂಟ್ ಹೆಚ್ಚು ಹೊತ್ತು ಹೋದ ದಿನ ಮಾತ್ರ ಚೆಲ್ಲಿಬಿಡಿ. ಊಟದ ಜೊತೆ ಬೇಡ. ಚಹಾದ ಒಗರು ಸೊಪ್ಪು ಕಾಳುಗಳ ಕಬ್ಬಿಣದಂಶ ಮೈಗೆ ಹತ್ತದಂತೆ ಮಾಡುತ್ತದೆ. ಒಂದು ಗಂಟೆ ಕಳೆಯಲಿ. ನಿಂಬೆಯನ್ನು ಕುಡಿಯುವ ಹೊತ್ತಿಗೆ ಲೋಟಕ್ಕೇ ಹಿಂಡಿ, ಚಹಾದ ಬಣ್ಣ ಕಣ್ಣೆದುರೇ ತಿಳಿಯಾಗುತ್ತದೆ.